ಕೈಗೆ ಬಂದಂತೆ ಬಳಿದರೆ ಅಮೂರ್ತವಾದೀತೆ?

ಅಮೂರ್ತ ಚಿತ್ರದ ಮುಂದೆ ನಿಂತವರು "ಇದನ್ನು ನಮ್ಮ ಮನೆ ಮಗುವೂ ಬಿಡಿಸುತ್ತೆ" ಅನ್ನುವುದು ಹೊಸತೇನಲ್ಲ. ಆ ಮಾತನ್ನೇ ನಂಬಿ ಕುಂಚ ಹಿಡಿದವರು ಮೊದಲ ಹಾಳೆಗೇ ಕಂಗಾಲಾಗುತ್ತಾರೆ.

ಚಿತ್ರ ಬರೆಯಲು ಬಾರದವರ ದಾರಿ ಇದು ಎಂಬ ನಂಬಿಕೆಯನ್ನು ಮೊದಲು ನೋಡೋಣ. ಕಪ್ಪು ಗೆರೆ, ಕೆಂಪು-ಹಳದಿ-ನೀಲಿ ಚೌಕಗಳಿಂದ ಹೆಸರಾದ ಪೀಟ್ ಮಾಂಡ್ರಿಯಾನ್ ಆಮ್‌ಸ್ಟರ್‌ಡ್ಯಾಮಿನ ಕಲಾ ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತವನು. ವರ್ಷಗಟ್ಟಲೆ ಹೊಲ, ಹೊಳೆ, ಗಾಳಿಗಿರಣಿಗಳನ್ನು ಬರೆದವನು. 1908ರಲ್ಲಿ ಶುರುಮಾಡಿದ ಕೆಂಪು ಮರದಲ್ಲಿ ಮರ ಇನ್ನೂ ಮರವೇ. 1911ರ ಬೂದು ಮರದಲ್ಲಿ ಕೊಂಬೆಗಳು ಕಮಾನುಗಳಾಗಿವೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಹೂವು ಹುಡುಕಿದವರಿಗೆ ಸಿಗುವುದು ಬಾಗಿದ ಗೆರೆಗಳ ಹೆಣಿಗೆ ಮಾತ್ರ. ಹೊಸಬರು ಇದನ್ನೇ ಮಾಡಿ ನೋಡಬಹುದು: ಅಂಗಳದ ಗಿಡವನ್ನೋ ಮೆಟ್ಟಿಲನ್ನೋ ನಾಲ್ಕಾರು ಸಲ ಬರೆಯುವುದು, ಪ್ರತಿ ಸಲ ಏನನ್ನಾದರೂ ಬಿಟ್ಟುಬಿಡುವುದು. ಹಾಗೆಂದು ಹತ್ತು ವರ್ಷ ಭಾವಚಿತ್ರ ಬರೆದೇ ಇತ್ತ ಬರಬೇಕೆಂದೇನಿಲ್ಲ. ನೋಡುವ ಅಭ್ಯಾಸವಿದ್ದರೆ ಸಾಕು.

ಸ್ಫೂರ್ತಿ ಬಂದ ಗಳಿಗೆಯಲ್ಲಿ ಎಲ್ಲವೂ ಆಗಿಹೋಗುತ್ತದೆ ಅನ್ನುವವರಿಗೆ ಕಾಂಡಿನ್‌ಸ್ಕಿಯ 1913ರ 'ಕಾಂಪೊಸಿಷನ್ 7' ಒಳ್ಳೆಯ ಪುರಾವೆಯಂತೆ ಕಾಣುತ್ತದೆ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಆ ಕ್ಯಾನ್ವಾಸು ಮುಗಿದದ್ದು ನಾಲ್ಕೇ ದಿನದಲ್ಲಿ. ಅದಕ್ಕೂ ಮುಂಚೆ ಅವನು ಮಾಡಿಟ್ಟ ತಯಾರಿ ಚಿತ್ರಗಳು ಮೂವತ್ತಕ್ಕೂ ಹೆಚ್ಚು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ! ನೆಲಕ್ಕೆ ಕ್ಯಾನ್ವಾಸು ಹಾಸಿ ಬಣ್ಣ ತೊಟ್ಟಿಕ್ಕಿಸಿದ ಜಾಕ್ಸನ್ ಪೊಲಾಕನೂ ಬಣ್ಣ ಎಷ್ಟು ತೆಳುವಿರಬೇಕು, ಕೋಲು ಎಷ್ಟು ಎತ್ತರದಲ್ಲಿರಬೇಕು ಎಂದು ಲೆಕ್ಕ ಹಾಕುತ್ತಿದ್ದವನೇ. ನಮ್ಮ ವಿ.ಎಸ್. ಗಾಯ್ತೊಂಡೆಯವರದು ಇನ್ನೂ ನಿಧಾನ: ರೋಲರಿನಿಂದ ಬಣ್ಣ ಬಳಿದು, ಚಾಕುವಿನಿಂದ ಕೆರೆದು, ಪದರದ ಮೇಲೆ ಪದರ ಕೂಡಿಸುತ್ತಿದ್ದ ಅವರು ವರ್ಷಕ್ಕೆ ಮುಗಿಸುತ್ತಿದ್ದದ್ದು ಬೆರಳೆಣಿಕೆಯ ಚಿತ್ರಗಳನ್ನು.

ಬಣ್ಣ ಹೆಚ್ಚಿದಷ್ಟೂ ಚಂದ ಅನ್ನುವುದು ಅಂಗಡಿಯವರಿಗೆ ಲಾಭದ ನಂಬಿಕೆ. ಕೆಂಪು-ಹಸಿರು, ನೇರಳೆ-ಹಳದಿಯಂಥ ಎದುರುಬದುರು ಬಣ್ಣಗಳು ಹಸಿಯಾಗಿದ್ದಾಗಲೇ ಬೆರೆತರೆ ಕೆಸರಾಗುತ್ತವೆ. ಕಪ್ಪು, ಬಿಳುಪು, ಜೊತೆಗೊಂದು ಬಣ್ಣ: ಆರಂಭಕ್ಕೆ ಇಷ್ಟೇ ಧಾರಾಳ.

ಅಮೂರ್ತಕ್ಕೆ ನಿಯಮವೇ ಇಲ್ಲ ಅನ್ನುವವರೂ ಬಣ್ಣದ ಗುಣಕ್ಕೆ ತಲೆಬಾಗಲೇಬೇಕು. ಅಕ್ರಿಲಿಕ್ ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ; ಹಸಿಯಲ್ಲಿ ಕಂಡ ಛಾಯೆಯನ್ನು ನಂಬುವಂತಿಲ್ಲ. ಒಣಗಿದ ಅಕ್ರಿಲಿಕ್ ಮೇಲೆ ತೈಲವರ್ಣ ನಿಲ್ಲುತ್ತದೆ. ತೈಲದ ಮೇಲೆ ಅಕ್ರಿಲಿಕ್ ಬಳಿದರೆ ಕಾಲಕ್ರಮೇಣ ಹಕ್ಕಳೆಯಾಗಿ ಏಳುತ್ತದೆ.