ಕಟ್ಟಡಕ್ಕೆ ದಾನಿ ಸಿಗುತ್ತಾರೆ, ಸಂಬಳಕ್ಕೆ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸಣ್ಣ ಖಾಸಗಿ ಕಾಲೇಜೊಂದು ಮುಚ್ಚುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಆಡಳಿತ ಮಂಡಳಿಯವರು ಮೊದಲು ಓಡುವುದು ಮುಂಬೈ, ಬೆಂಗಳೂರಿನಲ್ಲಿ ಹೋಟೆಲ್ ಇಟ್ಟ ಊರವರ ಬಳಿಗೆ. ಅವರು ಬರಿಗೈಯಲ್ಲಿ ಕಳಿಸುವುದೂ ಕಡಿಮೆ. ಎರಡು ಕೊಠಡಿ ಏಳುತ್ತವೆ, ಬಾಗಿಲ ಮೇಲೆ ದಾನಿಯ ಹೆಸರು ಬೀಳುತ್ತದೆ. ಆದರೆ ಕಾಲೇಜು ಸೊರಗುವುದು ಕೊಠಡಿ ಸಾಲದೆ ಅಲ್ಲ. ತಿಂಗಳು ತಿಂಗಳು ಉಪನ್ಯಾಸಕರಿಗೆ ಸಂಬಳ ಕೊಡಲಾಗದೆ.

ಒಂಟಿ ಕಾಲೇಜು ಬೇಡ, ದೊಡ್ಡ ಆಡಳಿತದ ನೆರಳು ಬೇಕು ಎಂಬ ದಾರಿ ನಮ್ಮಲ್ಲಿ ಹಳೆಯದು. ಮಣಿಪಾಲದ ಡಾ. ಟಿ.ಎಂ.ಎ. ಪೈ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು. ಅದರಡಿ 1949ರಲ್ಲಿ ಉಡುಪಿಗೆ ಎಂಜಿಎಂ ಕಾಲೇಜು ಬಂತು, 1963ರಲ್ಲಿ ಕುಂದಾಪುರಕ್ಕೆ ಭಂಡಾರ್ಕಾರ್ಸ್ ಕಾಲೇಜು. ಭಂಡಾರ್ಕಾರ್ಸ್‌ಗೆ ಹೆಸರು ದಾನಿಯದು, ನಡೆಸುವ ಹೊಣೆ ಮಣಿಪಾಲದ್ದು.

ನಿಜಕ್ಕೂ ಮುಳುಗುತ್ತಿದ್ದದ್ದನ್ನು ಎತ್ತಿದ ಕಥೆ ಬೇಕಿದ್ದರೆ ಧಾರವಾಡಕ್ಕೆ ಹೋಗಬೇಕು. ಅಲ್ಲೂ ಕರಾವಳಿಯ ಕೈಯಿದೆ. 1944ರಲ್ಲಿ ಹುಟ್ಟಿದ ಜನತಾ ಶಿಕ್ಷಣ ಸಮಿತಿ ಸಾಲದಲ್ಲಿ ಸಿಕ್ಕಿಕೊಂಡಿತ್ತು. 1973ರಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಅದರ ಭಾರ ಹೊತ್ತರು. ಹೆಗ್ಗಡೆಯವರಿಗೆ ಆಗಿನ್ನೂ ಇಪ್ಪತ್ತೈದರ ಆಸುಪಾಸು. ದಿನನಿತ್ಯದ ದುಡಿಮೆ ಡಾ. ನ. ವಜ್ರಕುಮಾರ್ ಅವರ ಹೆಗಲಿಗೆ ಬಿತ್ತು. ಮೇಲೆ ಹೆಸರು ಎಷ್ಟು ದೊಡ್ಡದಿದ್ದರೂ ಲೆಕ್ಕದ ಪುಸ್ತಕದ ಮುಂದೆ ಕೂರುವವರು ಒಬ್ಬರು ಬೇಕಷ್ಟೆ. ಸಂಸ್ಥೆ ಉಳಿಯಿತು, ಬೆಳೆಯಿತು. ಹೆಸರು ಇಂದಿಗೂ ಜನತಾ ಶಿಕ್ಷಣ ಸಮಿತಿಯೇ.

ಈಗಿನ ಸಣ್ಣ ಕಾಲೇಜುಗಳ ಪಾಡು ಇನ್ನೂ ಬಿಗಿ. ಹಳೆಯ ಕಾಲೇಜುಗಳಿಗೆ ಸರ್ಕಾರದ ವೇತನಾನುದಾನ ಸಿಕ್ಕಿತು. ಆಮೇಲೆ ಹುಟ್ಟಿದ ಬಹುತೇಕವು ಶುಲ್ಕವನ್ನೇ ನಂಬಿವೆ. ಅನುದಾನಿತ ಕಾಲೇಜುಗಳಲ್ಲೂ ನಿವೃತ್ತರ ಜಾಗ ಖಾಲಿ ಬಿದ್ದು, ಆ ಸಂಬಳವೂ ಆಡಳಿತ ಮಂಡಳಿಯ ತಲೆಗೇ ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದವರನ್ನು ನೀಟ್, ಸಿಇಟಿ ತರಬೇತಿಯ ವಸತಿ ಕಾಲೇಜುಗಳು ಸೆಳೆಯುತ್ತವೆ. ಮೊದಲು ಬಡವಾಗುವುದು ಕಲಾ ವಿಭಾಗ.

ಹಾಗಾಗಿ ದೊಡ್ಡ ಸಂಸ್ಥೆಗೆ ಹಸ್ತಾಂತರವೇ ಉಳಿದಿರುವ ದಾರಿ ಎಂದು ನನಗನ್ನಿಸುತ್ತದೆ, ಅದೂ ಸಾಲ ಬೆಟ್ಟವಾಗುವ ಮೊದಲೇ. ಕರಾರಿನಲ್ಲಿ ಕಲಾ ವಿಭಾಗ, ಹಳೆಯ ಸಿಬ್ಬಂದಿ, ಊರ ಮಕ್ಕಳ ಶುಲ್ಕ ಇವಿಷ್ಟು ಬರೆಸಿಕೊಳ್ಳಬೇಕು. ಆದರೆ ಮಾತುಕತೆ ಮುರಿಯಲು ಇವು ಬೇಕೇ ಇಲ್ಲ. ಮುಂದೆ ಅಧ್ಯಕ್ಷರು ಯಾರು ಎಂಬ ಒಂದು ಪ್ರಶ್ನೆ ಸಾಕು.