ಸ್ಟೆತಸ್ಕೋಪಿಗೂ ಮೊದಲು

ನನ್ನ ವಾರ್ಡಿಗೆ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ದಿನ ಸ್ಟೆತಸ್ಕೋಪ್ ಮುಟ್ಟಲು ಬಿಡುವುದಿಲ್ಲ. ತಣ್ಣನೆಯ ಲೋಹ ಎದೆಗೆ ತಾಗಿತೋ, ಮಗು ಅಳತೊಡಗುತ್ತದೆ. ಅಳುವ ಮಗುವಿನ ಉಸಿರೆಣಿಕೆಗೆ ಬೆಲೆಯಿಲ್ಲ. ತಾಯಿಯ ಮಡಿಲಲ್ಲೇ ಇರಲಿ, ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಎಣಿಸಿ ಅನ್ನುತ್ತೇನೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಜಾಣರೂ ಇದ್ದಾರೆ! ಎಳೆಗೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಆ ಲೆಕ್ಕ ತಪ್ಪುತ್ತದೆ.

ಕೆಮ್ಮಿರುವ ಮಗು 2ರಿಂದ 12 ತಿಂಗಳೊಳಗಿನದಾದರೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದೊಳಗಿನದಾದರೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಶಂಕಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದೆಯೇ, ಅದನ್ನೂ ನೋಡಬೇಕು. ಎಕ್ಸ್‌ರೇ ಆಮೇಲೆ.

"ದೃಷ್ಟಿಯಾಗಿದೆ ಡಾಕ್ಟ್ರೇ" ಎಂದು ಶುರುಮಾಡುವ ಅಜ್ಜಿಯನ್ನು ನಡುವೆ ತಡೆಯಬೇಡಿ ಎಂದೂ ಹೇಳಿಕೊಡುತ್ತೇನೆ. "ನಿನ್ನೆಯಿಂದ ಹಾಲೇ ಕುಡೀತಿಲ್ಲ" ಎಂಬ ಮುಖ್ಯ ಸುಳಿವು ಹೆಚ್ಚಾಗಿ ಆ ಮಾತಿನ ಕೊನೆಗೇ ಬರುವುದು.

ಓದುಗರಿಗೂ ಒಂದು ಮಾತು: ಮಗುವಿಗೆ ಏನನ್ನೂ ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ.