ಪಗಾರವಿಲ್ಲದ ಉಮೇದುವಾರರು

‘ಉಮೇದುವಾರ’ ಎಂಬ ಶಬ್ದವು ಇಂದಿನ ವಾಚಕರ ಕಿವಿಗೆ ಬೀಳುವುದು ಚುನಾವಣೆಯ ಕಾಲದಲ್ಲಿ ಮಾತ್ರ. ನಮ್ಮ ಧಾರವಾಡ ಸೀಮೆಯಲ್ಲಿ ಅದಕ್ಕೆ ಹಿಂದೆ ಬೇರೊಂದು ಅರ್ಥವಿದ್ದಿತು. ಮಾಮಲೇದಾರ ಕಚೇರಿಯ ಮೂಲೆಯಲ್ಲಿ ಕುಳಿತು, ಪಗಾರವಿಲ್ಲದೆ ಕಾಗದಗಳನ್ನು ನಕಲು ಮಾಡುತ್ತ, ಎಂದಾದರೊಂದು ದಿನ ಕಾರಕೂನಿಕೆ ದೊರೆತೀತೆಂದು ಕಾಯುತ್ತಿದ್ದ ತರುಣನೇ ಉಮೇದುವಾರ. ಫಾರಸಿಯಲ್ಲಿ ‘ಉಮೇದ್’ ಎಂದರೆ ಆಸೆ. ಆಸೆಯನ್ನೇ ಹುದ್ದೆಯ ಹೆಸರಾಗಿಸಿದ ಆಡಳಿತವದು!

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಹಳೆಯ ಗ್ಯಾಝೆಟಿಯರಿನಲ್ಲಿ ಹಿರೇಕೆರೂರು ಕೋಡ ತಾಲೂಕಿನ ಠಾಣೆ. ಶಿಗ್ಗಾಂವಿ ಬಂಕಾಪುರ ತಾಲೂಕಿನದು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಈಗ ನಾಲ್ಕೂ 1997ರಲ್ಲಿ ಹುಟ್ಟಿದ ಹಾವೇರಿ ಜಿಲ್ಲೆಯಲ್ಲಿವೆ.

ಮುಲ್ಕಿ ಪರೀಕ್ಷೆ ಪಾಸಾದ ಹುಡುಗನಿಗೆ ಮಾಸ್ತರಿಕೆ ಒಂದು ದಾರಿ, ಕಚೇರಿ ಇನ್ನೊಂದು. ಕಚೇರಿಯಲ್ಲಿ ಅವನು ಆವಕ-ಜಾವಕ ಬರೆಯಲು, ಪಹಣಿ ಓದಲು, ದಫ್ತರ ಕಟ್ಟಲು ಕಲಿಯುತ್ತಿದ್ದ. ವಿದ್ಯೆ ನಿಜವಾದದ್ದೇ. ಆದರೆ ಅದನ್ನು ಕಲಿಯುವಷ್ಟು ಕಾಲ ಕಾಯಬಲ್ಲವರಾರು? ಮನೆಯ ಹಗೇವಿನಲ್ಲಿ ಜೋಳವಿದ್ದವನು, ಇಲ್ಲವೆ ಕಚೇರಿಯಲ್ಲಿ ಸೋದರಮಾವನಿದ್ದವನು. ಕೂಲಿಕಾರನ ಮಗನಿಗೆ ಆ ಮೂಲೆಯೂ ದೊರೆಯುತ್ತಿರಲಿಲ್ಲ.

ಆ ಪದ್ಧತಿ ಹೋದುದಕ್ಕೆ ನನಗೆ ವ್ಯಸನವಿಲ್ಲ. 2006ರಲ್ಲಿ ಉಮಾದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕ್ರಮಬದ್ಧ ಆಯ್ಕೆಯಿಲ್ಲದೆ ಒಳಹೊಕ್ಕವನಿಗೆ, ಎಷ್ಟು ವರ್ಷ ದುಡಿದಿದ್ದರೂ, ಕಾಯಂ ನೌಕರಿಯ ಹಕ್ಕಿಲ್ಲವೆಂದಿತು. ಕರ್ನಾಟಕದಿಂದಲೇ ಹೋದ ಮೊಕದ್ದಮೆಯದು. ಈಗ ಪರೀಕ್ಷೆಯೇ ಬಾಗಿಲು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗಳಿಗೆ ಲಕ್ಷಗಟ್ಟಲೆ ಅರ್ಜಿಗಳು ಬಂದವು.

ಹೀಗಿರುವಾಗ ಕಾಲೇಜುಗಳು ‘ಇಂಟರ್ನ್‌ಶಿಪ್’ ಎಂದು ವಿದ್ಯಾರ್ಥಿಗಳನ್ನು ಕಚೇರಿಗೆ ಕಳಿಸುವುದೇಕೆ? ಪ್ರಮಾಣಪತ್ರದಿಂದ ನೌಕರಿ ಬಾರದೆಂಬುದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಬೇಕು. ಇಲ್ಲವಾದರೆ ಹಳೆಯ ಉಮೇದುವಾರಿಯೇ ಹೊಸ ಹೆಸರಿನಿಂದ ಮರಳಿತು. ಬಸ್ಸಿನ ಖರ್ಚನ್ನಾದರೂ ಕೊಡಬೇಕು. (2023ರ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಆ ಚಿಂತೆ ತಪ್ಪಿದೆ, ಹುಡುಗರಿಗೆ ತಪ್ಪಿಲ್ಲ.) 2024ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಯೋಜನೆಯಲ್ಲಿ ಆಗ ತಿಂಗಳಿಗೆ 5000 ರೂಪಾಯಿ ಗೊತ್ತುಮಾಡಿದ್ದರು, ಅದು ದೊಡ್ಡ ಕಂಪನಿಗಳಲ್ಲಿ ಕಲಿಯುವವರಿಗೆ, ತಹಶೀಲದಾರರ ಕಚೇರಿಯಲ್ಲಿ ಕಲಿಯುವವರಿಗಲ್ಲ.

ಕಲಿಸುವುದೇನೆಂಬುದೂ ಮುಖ್ಯ. ಝೆರಾಕ್ಸ್ ತರಿಸಿ, ಚಹಾ ತರಿಸಿ ಕಳಿಸಿದರೆ ತಿಂಗಳು ವ್ಯರ್ಥ. ಪಹಣಿಯನ್ನೇ ತೆಗೆದುಕೊಳ್ಳಿ. ಅದರ 9ನೆಯ ಅಂಕಣದಲ್ಲಿ ಖಾತೆದಾರನ ಹೆಸರು, 10ರಲ್ಲಿ ಆ ಹಕ್ಕು ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು. ಇಷ್ಟನ್ನು ಓದಬಲ್ಲ ರೈತನ ಮಗಳು, ತೀರಿಹೋದ ಸಾಲ ಇನ್ನೂ ತಂದೆಯ ಹೊಲದ 11ನೆಯ ಅಂಕಣದಲ್ಲಿ ಕುಳಿತಿರುವುದನ್ನು ಕಂಡು, ಅದನ್ನು ತೆಗೆಸಲು ಯಾವ ಮೇಜಿಗೆ ಅರ್ಜಿ ಕೊಡಬೇಕೆಂಬುದನ್ನೂ ತಿಳಿದೇ ಮನೆಗೆ ಹೋಗುತ್ತಾಳೆ.